ಮಾರ್ಕ್ಸ್ ಚೆನ್ನಾಗಿದೆ, ಸ್ಕಾಲರ್‌ಶಿಪ್ ಎಲ್ಲಿ ಸಿಗುತ್ತೆ? ಅಮೆರಿಕದ ಕನ್ನಡ ಮನೆಗಳಿಗೆ ಕಾಲೇಜು ಹುಡುಕುವ ಮಾರ್ಗದರ್ಶಿ

ಮಕ್ಕಳು ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಅಮೆರಿಕದಲ್ಲಿರುವ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. "ಹುಡುಗ ಚೆನ್ನಾಗಿ ಓದುತ್ತಾನೆ, ಸ್ಕಾಲರ್‌ಶಿಪ್ ಸಿಗುತ್ತೆ ಅಲ್ವಾ?" ಯುಗಾದಿ ಊಟದ ಸಾಲಿನಲ್ಲಿ ನನ್ನನ್ನು ಇದನ್ನೇ ಕೇಳಿದ್ದಾರೆ, ಕನ್ನಡ ಶಾಲೆಯ ಪಾರ್ಕಿಂಗ್‌ನಲ್ಲೂ ಕೇಳಿದ್ದಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ಊರಿನಲ್ಲಿ ನಾವು ಕಲಿತ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ಒಳ್ಳೆಯ ಕಾಲೇಜೂ ಸಿಗುತ್ತಿತ್ತು, ಫೀಸೂ ಕಡಿಮೆ ಇರುತ್ತಿತ್ತು. 'ಮೆರಿಟ್ ಸೀಟು' ಅಂದರೆ ನಮಗೆ ಇವೆರಡೂ ಒಟ್ಟಿಗೆ. ಇಲ್ಲಿ ಎರಡೂ ಬೇರೆ ಬೇರೆ. ಐವಿ ಲೀಗ್‌ನ ಎಂಟೂ ಕಾಲೇಜುಗಳು ಮತ್ತು ಎಂಐಟಿ ಮಾರ್ಕ್ಸ್ ನೋಡಿ ಒಂದು ಡಾಲರನ್ನೂ ಕೊಡುವುದಿಲ್ಲ. ಅಲ್ಲಿಗೆ ಬರುವವರೆಲ್ಲ ಮೆರಿಟ್‌ನವರೇ, ಯಾರನ್ನೂ ಫೀಸ್ ಇಳಿಸಿ ಕರೆಯಬೇಕಾಗಿಲ್ಲ. ಫೀಸ್ ಇಳಿಸುವುದು, ನಿಮ್ಮ ಮಗು ತನಗೆ ಬೇಕು ಅನ್ನಿಸಿದ ಕಾಲೇಜು. ಅಂದರೆ ಅಲ್ಲಿ ಸೇರುವ ಮಕ್ಕಳ ಪೈಕಿ ನಿಮ್ಮ ಮಗು ಮೇಲಿನ ಸಾಲಿನಲ್ಲಿ ನಿಲ್ಲಬೇಕು. ಹಾಗಾಗಿ ಮೆರಿಟ್ ಹಣ ಸಿಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ತೀರ್ಮಾನವಾಗುವುದು ನೀವು ಅರ್ಜಿ ಹಾಕುವ ಕಾಲೇಜುಗಳ ಪಟ್ಟಿ ಮಾಡುವಾಗಲೇ.

ಮುಂದೆ ಪದೇ ಪದೇ ಬರುವ ನಾಲ್ಕು ಪದಗಳು ಇವು. ಕಾಸ್ಟ್ ಆಫ್ ಅಟೆಂಡೆನ್ಸ್ ಅಂದರೆ ಫೀಸ್, ಹಾಸ್ಟೆಲ್, ಊಟ, ಪುಸ್ತಕ, ಓಡಾಟ ಎಲ್ಲ ಸೇರಿದ ಒಂದು ವರ್ಷದ ಖರ್ಚು. ಮೆರಿಟ್ ಏಡ್ ಅಂದರೆ ಓದು ನೋಡಿ ಕೊಡುವ, ವಾಪಸ್ ಕೊಡಬೇಕಾಗಿಲ್ಲದ ಹಣ. ನೀಡ್ ಏಡ್ ಅಂದರೆ ಮನೆಯ ಆದಾಯ, ಆಸ್ತಿ ನೋಡಿ ಕೊಡುವ ನೆರವು. ನೆಟ್ ಪ್ರೈಸ್ ಅಂದರೆ ಒಟ್ಟು ಖರ್ಚಿನಲ್ಲಿ ವಾಪಸ್ ಕೊಡಬೇಕಾಗಿಲ್ಲದ ಹಣವನ್ನು ಕಳೆದು ಉಳಿದದ್ದು. ನಿಮ್ಮ ಜೇಬಿನಿಂದ ಹೋಗುವುದು ಇದೇ.

1. ಮೊದಲು ಮನೆಯ ಸಂಖ್ಯೆ ಗೊತ್ತು ಮಾಡಿಕೊಳ್ಳಿ

ವರ್ಷಕ್ಕೆ ಎಷ್ಟು ಕೊಡಬಲ್ಲಿರಿ? ಸಂಬಳದಿಂದ ಎಷ್ಟು, ಉಳಿತಾಯದಿಂದ ಎಷ್ಟು, 529 ಖಾತೆಯಿಂದ ಎಷ್ಟು? (529 ಅಂದರೆ ಓದಿಗೆಂದು ಕೂಡಿಡುವ ತೆರಿಗೆ ರಿಯಾಯಿತಿಯ ಖಾತೆ.) ಊರಿಗೆ ಕಳಿಸುವ ಹಣ, ಮನೆ ಸಾಲದ ಕಂತು, ಎರಡನೇ ಮಗುವಿನ ಓದು ಎಲ್ಲವನ್ನೂ ಬಿಟ್ಟು ಲೆಕ್ಕ ಹಾಕಿ. ವರ್ಷಕ್ಕೆ ಬಂದ ಆ ಮೊತ್ತವೇ ನಿಮ್ಮ ಮನೆಯ ಸಂಖ್ಯೆ. ನಾಲ್ಕು ವರ್ಷಕ್ಕೆ ಎಷ್ಟು ಅಂತ ತಿಳಿಯಲು ಅದನ್ನು ನಾಲ್ಕರಿಂದ ಗುಣಿಸಿ.

ಆಮೇಲೆ ಅದನ್ನು ಮಗುವಿಗೆ ಹೇಳಿ. ಹತ್ತನೇ ಕ್ಲಾಸಿನ ಬೇಸಿಗೆ ರಜೆಗೆ ಮುಂಚೆಯೇ ಹೇಳಿ. ನಮ್ಮಲ್ಲಿ ಮಕ್ಕಳ ಎದುರು ದುಡ್ಡಿನ ಮಾತು ಆಡುವುದು ಕಡಿಮೆ. "ನೀನು ಓದು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ" ಅಂದುಬಿಡುತ್ತೇವೆ. ಕೊನೆಗೆ ಹನ್ನೆರಡನೇ ಕ್ಲಾಸಿನ ಏಪ್ರಿಲ್‌ನಲ್ಲಿ, ಇಷ್ಟಪಟ್ಟ ಕಾಲೇಜಿನ ಸ್ವೆಟ್‌ಶರ್ಟ್ ಹಾಕಿಕೊಂಡು ಕೂತ ಮಗುವಿಗೆ "ಆಗಲ್ಲ ಕಂದಾ" ಅನ್ನಬೇಕಾಗುತ್ತದೆ. ಹಾಸಿಗೆ ಎಷ್ಟು ಉದ್ದ ಅನ್ನುವುದು ಕಾಲು ಚಾಚುವವರಿಗೂ ಮೊದಲೇ ಗೊತ್ತಿರಬೇಕು.

2. ನಿಮ್ಮದು ನೀಡ್ ದಾರಿಯೋ, ಮೆರಿಟ್ ದಾರಿಯೋ ನೋಡಿ

ಸರ್ಕಾರದ ನೆರವಿಗೆ ತುಂಬುವ ಅರ್ಜಿಯ ಹೆಸರು ಫಾಫ್ಸಾ. ಸಾಮಾನ್ಯವಾಗಿ ಅಕ್ಟೋಬರ್ 1ರಂದು ತೆರೆಯುತ್ತದೆ, ಪೂರ್ತಿ ಉಚಿತ. ಇದನ್ನು ತುಂಬಿದ ಮೇಲೆ ಎಸ್‌ಎಐ ಅನ್ನುವ ಒಂದು ಸಂಖ್ಯೆ ಬರುತ್ತದೆ. ನಿಮ್ಮ ಮನೆಯ ಕೊಡುವ ಶಕ್ತಿಯನ್ನು ಸರ್ಕಾರದ ಸೂತ್ರ ಅಳೆಯುವುದು ಹೀಗೆ. ಅನೇಕ ಖಾಸಗಿ ಕಾಲೇಜುಗಳು ಇದರ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೂ ಆಳವಾದ ಅರ್ಜಿ ಕೇಳುತ್ತವೆ. ಅದರಲ್ಲಿ ನೀವು ವಾಸವಿರುವ ಮನೆಯ ಬೆಲೆಯನ್ನೂ ಕೇಳುತ್ತಾರೆ. ಫಾಫ್ಸಾದಲ್ಲಿ ಅದು ಲೆಕ್ಕಕ್ಕಿಲ್ಲ. 401ಕೆ (ಕಂಪನಿಯ ಮೂಲಕ ಕೂಡಿಡುವ ನಿವೃತ್ತಿ ಉಳಿತಾಯ) ಖಾತೆಯ ಹಣವೂ ಫಾಫ್ಸಾದಲ್ಲಿ ಆಸ್ತಿಯ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮವರು ಎಡವುವುದು ಇಲ್ಲಿ. ಬೆಂಗಳೂರಿನ ಸೈಟು, ಮೈಸೂರಿನ ಬಾಡಿಗೆ ಫ್ಲ್ಯಾಟು ಇವೆಲ್ಲ "ಇಂಡಿಯಾದ್ದು ತಾನೇ" ಅಂತ ಬಿಡುವ ಹಾಗಿಲ್ಲ. ವಾಸದ ಮನೆ ಬಿಟ್ಟು ಉಳಿದ ಆಸ್ತಿ ಯಾವ ದೇಶದಲ್ಲಿದ್ದರೂ ನಿಮ್ಮ ಹೆಸರಿನಲ್ಲಿದ್ದರೆ ತೋರಿಸಬೇಕು. ಇನ್ನೊಂದು, ಫಾಫ್ಸಾ ನೋಡುವುದು ಎರಡು ವರ್ಷ ಹಿಂದಿನ ಆದಾಯವನ್ನು. ಮಗು 2027ರ ಆಗಸ್ಟ್‌ನಲ್ಲಿ ಕಾಲೇಜಿಗೆ ಸೇರುವುದಾದರೆ 2025ರ ಟ್ಯಾಕ್ಸ್ ರಿಟರ್ನ್ ಲೆಕ್ಕಕ್ಕೆ ಬರುತ್ತದೆ. ಅಂದರೆ ಮಗು ಹತ್ತನೇ ಕ್ಲಾಸಿನ ಎರಡನೇ ಅರ್ಧದಲ್ಲಿ ಮತ್ತು ಹನ್ನೊಂದನೆಯ ಮೊದಲ ಅರ್ಧದಲ್ಲಿ ಇದ್ದ ವರ್ಷ. ಆ ವರ್ಷ ಸೈಟು ಮಾರಿದರೆ, ಕಂಪನಿ ಷೇರು ಜಾಸ್ತಿ ಮಾರಿದರೆ ಆದಾಯ ದಿಢೀರ್ ಏರಿದಂತೆ ಕಾಣುತ್ತದೆ. ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮೊದಲು ಸಿಗುತ್ತಿದ್ದ ರಿಯಾಯಿತಿಯನ್ನೂ ಫಾಫ್ಸಾದ ಸೂತ್ರದಿಂದ 2024-25ರಿಂದ ತೆಗೆದಿದ್ದಾರೆ.

"ನಮ್ಮ ಸಂಬಳಕ್ಕೆ ನೀಡ್ ಏಡ್ ಎಲ್ಲಿಂದ ಬರುತ್ತೆ" ಅಂತ ನೋಡದೆಯೇ ಬಿಡಬೇಡಿ. 2025-26ರಿಂದ ಹಾರ್ವರ್ಡ್ ಮತ್ತು ಎಂಐಟಿಯಲ್ಲಿ ವರ್ಷಕ್ಕೆ 2 ಲಕ್ಷ ಡಾಲರ್ ಒಳಗಿನ ಆದಾಯದ, ಸಾಧಾರಣ ಆಸ್ತಿಯ ಮನೆಗಳ ಮಕ್ಕಳಿಗೆ ಟ್ಯೂಷನ್ (ಅಂದರೆ ಕಾಲೇಜಿನ ಪಾಠದ ಫೀಸ್) ಇಲ್ಲ. ಪ್ರಿನ್ಸ್‌ಟನ್ ಆ ಗೆರೆಯನ್ನು ಹೆಚ್ಚಿನ ಮನೆಗಳಿಗೆ ಎರಡೂವರೆ ಲಕ್ಷಕ್ಕೆ ಏರಿಸಿದೆ. ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ, ನಿಜ. ಆದರೆ ಸಿಕ್ಕರೆ ಮನೆ ಹತ್ತಿರದ ಕಾಲೇಜಿಗಿಂತ ಅಗ್ಗವಾಗುವ ಮನೆಗಳೂ ಇವೆ.

ಎಚ್-4 ವೀಸಾದಲ್ಲಿರುವ, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಜೊತೆಗಿರುವ ಮಕ್ಕಳ ವಿಷಯ ಬೇರೆ. ಅವರಿಗೆ ಕೇಂದ್ರ ಸರ್ಕಾರದ ನೆರವೂ ಇಲ್ಲ, ಸಾಲವೂ ಇಲ್ಲ. ಹತ್ತು ವರ್ಷ ಇಲ್ಲೇ ಓದಿದ್ದರೂ ಕೆಲವು ಕಾಲೇಜುಗಳು ಅವರನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿಗೆ ಸೇರಿಸುತ್ತವೆ. ಆದರೆ ಕಾಲೇಜುಗಳು ತಮ್ಮ ಕೈಯಿಂದ ಕೊಡುವ ಮೆರಿಟ್ ಹಣ ಬಹಳ ಕಡೆ ಅವರಿಗೂ ಇದೆ. ಹಾರ್ವರ್ಡ್, ಪ್ರಿನ್ಸ್‌ಟನ್, ಎಂಐಟಿಗಳ ನೀಡ್ ಏಡ್ ಯಾವ ದೇಶದ ಪ್ರಜೆಗಾದರೂ ಒಂದೇ. ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಫೀಸ್ ಅವರಿಗೂ ಸಿಗುತ್ತದೆಯೇ ಅನ್ನುವುದು ಮಾತ್ರ ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಪ್ರತಿ ಕಾಲೇಜಿಗೂ ಈಮೇಲ್ ಬರೆದು ಎರಡೇ ಪ್ರಶ್ನೆ ಕೇಳಿ: "ಎಚ್-4 ವಿದ್ಯಾರ್ಥಿಯನ್ನು ಯಾವ ಗುಂಪಿಗೆ ಸೇರಿಸುತ್ತೀರಿ? ಯಾವ ಸ್ಕಾಲರ್‌ಶಿಪ್ ಸಿಗುತ್ತದೆ?" ಉತ್ತರ ಬರಹದಲ್ಲೇ ಇರಲಿ.

3. ಹನ್ನೊಂದನೇ ಕ್ಲಾಸಿನ ಅಕ್ಟೋಬರ್

ಆ ತಿಂಗಳು ಶಾಲೆಯಲ್ಲಿ ಪಿಎಸ್‌ಎಟಿ ಪರೀಕ್ಷೆ ನಡೆಯುತ್ತದೆ. ಎಸ್‌ಎಟಿ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆಗೆ ಮುಂಚಿನದು ಇದು. ಸುಮ್ನೆ ಒಂದು ಅಭ್ಯಾಸ ಪರೀಕ್ಷೆ ಅಂದುಕೊಳ್ಳಬೇಡಿ. ನ್ಯಾಷನಲ್ ಮೆರಿಟ್ ಅನ್ನುವ, ಇಡೀ ದೇಶದ ಸ್ಕಾಲರ್‌ಶಿಪ್ ಸ್ಪರ್ಧೆಗೆ ಬಾಗಿಲು ಅದೇ. ಬರೆಯುವವರು 13 ಲಕ್ಷದ ಆಸುಪಾಸು, ಸೆಮಿಫೈನಲಿಸ್ಟ್ ಆಗುವವರು ಸುಮಾರು 16,000. ಕಟ್-ಆಫ್ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾದಲ್ಲಿ ಎತ್ತರ. ಸ್ಪರ್ಧೆಯ ಬಹುಮಾನ 2,500 ಡಾಲರ್ ಅಷ್ಟೇ, ಆದರೆ ಫೈನಲಿಸ್ಟ್‌ಗಳಿಗೆ ಅಲಬಾಮಾ ವಿಶ್ವವಿದ್ಯಾಲಯ, ಟೆಕ್ಸಸ್‌ನ ಯುಟಿ ಡಲ್ಲಾಸ್ ಥರದ ಕಡೆ ದೊಡ್ಡ ಪ್ಯಾಕೇಜ್‌ಗಳಿವೆ. ಇವು ವರ್ಷ ವರ್ಷ ಬದಲಾಗುತ್ತವೆ. ನಿಮ್ಮ ಮಗುವಿನ ವರ್ಷದ ಪುಟವನ್ನೇ ನೋಡಿ.

ಎಸ್‌ಎಟಿ ಅಥವಾ ಎಸಿಟಿ (ಅಂಥದೇ ಇನ್ನೊಂದು ಪ್ರವೇಶ ಪರೀಕ್ಷೆ) ಬೇಡ ಅನ್ನುವ ಕಾಲೇಜುಗಳು ಈಗ ಬಹಳ. ಆದರೆ ಸೀಟಿಗೆ ಬೇಡ ಅಂದ ಕೂಡಲೇ ಸ್ಕಾಲರ್‌ಶಿಪ್‌ಗೂ ಬೇಡ ಅಂತ ಅರ್ಥವಲ್ಲ. ಮೆರಿಟ್ ಬೇಕಿದ್ದರೆ ಪರೀಕ್ಷೆ ಬರೆಸಿ.

4. ಪಟ್ಟಿ ಮಾಡುವುದು: ಕಾಮನ್ ಡೇಟಾ ಸೆಟ್ ಓದಲು ಕಲಿಯಿರಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹೆಚ್ಚಿನ ಕಾಲೇಜುಗಳು ವರ್ಷಕ್ಕೊಮ್ಮೆ ಕಾಮನ್ ಡೇಟಾ ಸೆಟ್ ಅನ್ನುವ ಒಂದು ಕಡತ ಹೊರಗೆ ಬಿಡುತ್ತವೆ. ಎಲ್ಲ ಕಾಲೇಜಿಗೂ ಒಂದೇ ನಮೂನೆ. ಗೂಗಲ್‌ನಲ್ಲಿ ಕಾಲೇಜಿನ ಹೆಸರಿನ ಜೊತೆ ಈ ಪದ ಹಾಕಿದರೆ ಸಿಗುತ್ತದೆ. ಅದರಲ್ಲಿ ಎರಡು ಕಡೆ ನೋಡಿದರೆ ಸಾಕು.

ಮೊದಲನೆಯದು ಸಿ9. ಅಲ್ಲಿಗೆ ಸೇರಿದವರ ಎಸ್‌ಎಟಿ, ಎಸಿಟಿ ಅಂಕಗಳು ಅಲ್ಲಿವೆ. 75ನೇ ಪರ್ಸೆಂಟೈಲ್ ಎಂದಿರುವ ಅಂಕವೇ ಮೇಲಿನ ಕಾಲು ಭಾಗ ಶುರುವಾಗುವ ಗೆರೆ. ನಿಮ್ಮ ಮಗು ಆ ಗೆರೆಯ ಮೇಲಿದ್ದರೆ ಮೆರಿಟ್‌ನ ಆಸೆ ಇಟ್ಟುಕೊಳ್ಳಬಹುದು. ನಡುವಿನಲ್ಲಿದ್ದರೆ ಸೀಟು ಸಿಗಬಹುದು, ಹಣ ಅನುಮಾನ.

ಎರಡನೆಯದು ಎಚ್2 ಮತ್ತು ಅದರ ಪಕ್ಕದ ಎಚ್2ಎ. ಎಚ್2ರ ಎ ಸಾಲಿನಲ್ಲಿ ಮೊದಲ ವರ್ಷದ ಒಟ್ಟು ಮಕ್ಕಳು. ಸಿ ಸಾಲಿನಲ್ಲಿ ನೀಡ್ ಇದೆ ಅಂತ ಗುರುತಿಸಿದವರು. ಎಚ್2ಎ ಯಲ್ಲಿ ಎನ್ ಸಾಲು ಅಂದರೆ ನೀಡ್ ಇಲ್ಲದಿದ್ದರೂ ಕಾಲೇಜಿನಿಂದ ಹಣ ಪಡೆದವರ ಸಂಖ್ಯೆ. ಓ ಸಾಲು ಅಂದರೆ ಅವರಿಗೆ ಸಿಕ್ಕ ಸರಾಸರಿ ಮೊತ್ತ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎ ಸಾಲಿನಲ್ಲಿ 1,000, ಸಿ ಸಾಲಿನಲ್ಲಿ 550 ಇದೆ. ಅಂದರೆ ನೀಡ್ ಇಲ್ಲದವರು 450. ಎನ್ ಸಾಲಿನಲ್ಲಿ 300, ಓ ಸಾಲಿನಲ್ಲಿ 22,000 ಇದ್ದರೆ, ನಿಮ್ಮಂಥ ಮನೆಗಳಿಂದ ಬಂದ ಮೂವರಲ್ಲಿ ಇಬ್ಬರಿಗೆ ವರ್ಷಕ್ಕೆ ಸುಮಾರು 22,000 ಡಾಲರ್ ಸಿಕ್ಕಿದೆ. ಇಂಥ ಕಾಲೇಜು ಪಟ್ಟಿಗೆ ಬರಲಿ. ಅದೇ ಎನ್ ಸಾಲಿನಲ್ಲಿ 10 ಇದ್ದರೆ? 450 ಜನರಲ್ಲಿ ಹತ್ತು ಜನ. ಅದನ್ನು ನಂಬಿಕೊಂಡು ಮನೆಯ ಲೆಕ್ಕ ಹಾಕಲು ಬರುವುದಿಲ್ಲ. ಇದೆಲ್ಲ ಒಂದು ಕಾಲೇಜಿಗೆ ಹತ್ತು ನಿಮಿಷದ ಕೆಲಸ. ಮಗುವನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಯಾವ ಕಾಲೇಜು ಎಷ್ಟು ಕೊಡುತ್ತದೆ ಅನ್ನುವುದನ್ನು ತಾನೇ ಕಂಡುಕೊಂಡ ಮಗು "ಅದು ಬೇಡ, ಇದು ನೋಡೋಣ" ಅಂತ ತಾನೇ ಹೇಳುತ್ತದೆ.

ಮೆರಿಟ್‌ನಲ್ಲೂ ಎರಡು ಬಗೆ. ಒಂದು ತಾನಾಗಿ ಸಿಗುವುದು: ಇಷ್ಟು ಜಿಪಿಎ (ಗ್ರೇಡ್‌ಗಳ ಸರಾಸರಿ), ಇಷ್ಟು ಎಸ್‌ಎಟಿ ಇದ್ದರೆ ಇಷ್ಟು ಹಣ ಅಂತ ಕಾಲೇಜೇ ಕೋಷ್ಟಕ ಹಾಕಿರುತ್ತದೆ. ಹೊರರಾಜ್ಯದ ಮಕ್ಕಳಿಗೆ ಅಲಬಾಮಾ ವಿಶ್ವವಿದ್ಯಾಲಯ ಇದಕ್ಕೇ ಹೆಸರಾಗಿದೆ. ಇನ್ನೊಂದು ಸ್ಪರ್ಧೆಯದು: ವರ್ಜೀನಿಯಾದ ಜೆಫರ್ಸನ್, ನಾರ್ತ್ ಕ್ಯಾರೊಲಿನಾದ ಮೋರ್‌ಹೆಡ್-ಕೇನ್, ಡ್ಯೂಕ್‌ನ ರಾಬರ್ಟ್‌ಸನ್, ವ್ಯಾಂಡರ್‌ಬಿಲ್ಟ್‌ನ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಸ್ಕಾಲರ್‌ಶಿಪ್‌ಗಳಂಥವು. ಇವು ಬೆರಳೆಣಿಕೆಯ ಮಕ್ಕಳಿಗೆ. ಹಾಕಿ, ಹಾಕಬೇಡಿ ಅನ್ನುವುದಿಲ್ಲ. ಆದರೆ ಪಟ್ಟಿಯಲ್ಲಿ ಕನಿಷ್ಠ ಎರಡು ಕಾಲೇಜುಗಳಾದರೂ ಸೀಟೂ ಖಚಿತ, ಹಣವೂ ಖಚಿತ ಅನ್ನುವಂತಿರಬೇಕು, ಮತ್ತು ಅವು ಮಗುವಿಗೆ ಇಷ್ಟವಾಗಬೇಕು.

5. ಹಿತ್ತಲ ಗಿಡವನ್ನು ಮರೆಯಬೇಡಿ

ನೀವಿರುವ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೇ ಬಹಳ ಸಲ ಎಲ್ಲಕ್ಕಿಂತ ಅಗ್ಗ. ಜಾರ್ಜಿಯಾದಲ್ಲಿ ಹೋಪ್ ಮತ್ತು ಜೆಲ್ ಮಿಲ್ಲರ್, ಫ್ಲಾರಿಡಾದಲ್ಲಿ ಬ್ರೈಟ್ ಫ್ಯೂಚರ್ಸ್ ಸ್ಕಾಲರ್‌ಶಿಪ್‌ಗಳಿವೆ. ಮೇಲಿನ ಹಂತ ಮುಟ್ಟಿದ ಮಕ್ಕಳಿಗೆ ಇವು ಸರ್ಕಾರಿ ಕಾಲೇಜಿನ ಪೂರ್ತಿ ಟ್ಯೂಷನ್ ಕಟ್ಟುತ್ತವೆ. ಎಚ್-4 ಮಕ್ಕಳಿಗೆ ಮಾತ್ರ ಇವು ಸಿಗುವುದಿಲ್ಲ. ಅಟ್ಲಾಂಟಾದಲ್ಲಿದ್ದು ಜಾರ್ಜಿಯಾ ಟೆಕ್‌ನಲ್ಲಿ ಸೀಟು ಸಿಕ್ಕ ಮಗುವನ್ನು ಹೆಸರಿಗಾಗಿ ದೂರದ ದುಬಾರಿ ಕಾಲೇಜಿಗೆ ಕಳಿಸುವ ಮುಂಚೆ ನಾಲ್ಕು ವರ್ಷದ ಲೆಕ್ಕ ಹಾಳೆಯ ಮೇಲೆ ಬರೆದು ನೋಡಿ.

ಪಕ್ಕದ ರಾಜ್ಯಗಳೂ ಇವೆ. ಪಶ್ಚಿಮದ ರಾಜ್ಯಗಳ ನಡುವೆ ಡಬ್ಲ್ಯುಯುಇ ಅನ್ನುವ ಒಪ್ಪಂದವಿದೆ. ಅದರ ಪ್ರಕಾರ ಹೊರರಾಜ್ಯದ ಮಗುವಿಗೆ ಅಲ್ಲಿನವರ ಟ್ಯೂಷನ್‌ನ ಒಂದೂವರೆ ಪಟ್ಟು ಮೀರಿ ಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದ ಮನೆಗಳಿಗೆ ಇದು ದೊಡ್ಡ ಬಾಗಿಲು. ಮಧ್ಯದ ರಾಜ್ಯಗಳಲ್ಲಿ ಮಿಡ್‌ವೆಸ್ಟ್ ಸ್ಟೂಡೆಂಟ್ ಎಕ್ಸ್‌ಚೇಂಜ್, ದಕ್ಷಿಣದಲ್ಲಿ ಅಕಾಡೆಮಿಕ್ ಕಾಮನ್ ಮಾರ್ಕೆಟ್ ಇದೆ. ಎಲ್ಲ ಕಾಲೇಜು, ಎಲ್ಲ ಕೋರ್ಸ್ ಇದರಲ್ಲಿ ಇರುವುದಿಲ್ಲ. ಕಂಪ್ಯೂಟರ್ ಸೈನ್ಸ್ ಬಿಟ್ಟಿದ್ದಾರೆಯೇ ಅಂತ ಮೊದಲು ನೋಡಿ. ಟೆಕ್ಸಸ್‌ನಲ್ಲಿ ಇನ್ನೊಂದು ಸೌಲಭ್ಯ ಇದೆ: ಹೊರರಾಜ್ಯದ ಮಗು ಸರ್ಕಾರಿ ವಿಶ್ವವಿದ್ಯಾಲಯದಿಂದ ಸ್ಪರ್ಧೆಯ ಸ್ಕಾಲರ್‌ಶಿಪ್ ಕನಿಷ್ಠ 1,000 ಡಾಲರ್ ಪಡೆದರೆ, ಟೆಕ್ಸಸ್‌ನವರ ಫೀಸ್ ದರ ಸಿಗಬಹುದು.

6. ಪಟ್ಟಿಗೆ ಸೇರಿಸುವ ಮುಂಚೆ ನೆಟ್ ಪ್ರೈಸ್ ಕ್ಯಾಲ್ಕುಲೇಟರ್

ನಿಮ್ಮ ಮನೆಗೆ ನೆಟ್ ಪ್ರೈಸ್ ಎಷ್ಟಾಗಬಹುದು ಅಂತ ಅಂದಾಜು ಹೇಳುವ ಪುಟ ಇದು. ಕಾಲೇಜುಗಳ ವೆಬ್‌ಸೈಟ್‌ನಲ್ಲಿ ಇದು ಇರಲೇಬೇಕು, 2011ರಿಂದ ಕಾನೂನೇ ಇದೆ. ಟ್ಯಾಕ್ಸ್ ರಿಟರ್ನ್ ಪಕ್ಕದಲ್ಲಿಟ್ಟುಕೊಂಡು ತುಂಬಿ. ಒಂದು ಗುಟ್ಟು: ಅದು ಜಿಪಿಎ, ಎಸ್‌ಎಟಿ ಕೇಳಿದರೆ ಮೆರಿಟ್ ಸೇರಿಸಿ ಉತ್ತರ ಕೊಡುತ್ತಿದೆ ಅಂತ ಅಂದಾಜು. ಕೇಳದಿದ್ದರೆ ಮೆರಿಟ್ ಸೇರಿಲ್ಲ. ಬಂದ ಉತ್ತರದ ಪುಟವನ್ನು ಉಳಿಸಿಕೊಳ್ಳಿ. ಮನೆಯ ಸಂಖ್ಯೆಗಿಂತ ಬಹಳ ಮೇಲಿದ್ದು, ದೊಡ್ಡ ಮೆರಿಟ್‌ನ ಸಾಧ್ಯತೆಯೂ ಕಾಣದಿದ್ದರೆ ಆ ಕಾಲೇಜನ್ನು ಬಿಟ್ಟುಬಿಡಿ.

7. ಅರ್ಜಿಯ ಗಡುವುಗಳು

ಮೆರಿಟ್‌ನ ಗಡುವು ಸೀಟಿನ ಗಡುವಿಗಿಂತ ಮುಂಚೆ ಇರುವುದು ಸಾಮಾನ್ಯ. ಸೀಟಿಗೆ ಜನವರಿವರೆಗೆ ಸಮಯ ಕೊಟ್ಟ ಕಾಲೇಜು ಸ್ಕಾಲರ್‌ಶಿಪ್‌ಗೆ ನವೆಂಬರ್ 1 ಅಥವಾ ಡಿಸೆಂಬರ್ 1 ಅನ್ನಬಹುದು. ಹಾಗಾಗಿ ಎರಡು ಬೇರೆ ಕಾಲಂ ಮಾಡಿ ಬರೆದಿಡಿ. ಕೆಲವು ಕಡೆ ಸ್ಕಾಲರ್‌ಶಿಪ್‌ಗೆ ಬೇರೆ ಪ್ರಬಂಧ, ಆನರ್ಸ್ ಕಾಲೇಜಿಗೆ (ಚೆನ್ನಾಗಿ ಓದುವವರಿಗೆಂದು ವಿಶ್ವವಿದ್ಯಾಲಯದ ಒಳಗೇ ಇರುವ ವಿಭಾಗ) ಬೇರೆ ಅರ್ಜಿ ಇರುತ್ತದೆ. ಮೆರಿಟ್‌ಗೂ ಫಾಫ್ಸಾ ತುಂಬಲೇಬೇಕು ಅನ್ನುವ ಕಾಲೇಜುಗಳೂ ಇವೆ.

ಬೇಗ ಅರ್ಜಿ ಹಾಕುವುದರಲ್ಲಿ ಎರಡು ಬಗೆ: ಅರ್ಲಿ ಡಿಸಿಷನ್, ಅರ್ಲಿ ಆ್ಯಕ್ಷನ್. ಅರ್ಲಿ ಡಿಸಿಷನ್ ಬಗ್ಗೆ ಎಚ್ಚರ. ಅದರಲ್ಲಿ ಸೀಟು ಸಿಕ್ಕರೆ ಬರುತ್ತೇವೆ ಅಂತ ಮೊದಲೇ ಮಾತು ಕೊಟ್ಟಂತೆ. ನಾಲ್ಕು ಕಡೆಯ ಹಣ ಹೋಲಿಸುವ ಅವಕಾಶವೇ ಇರುವುದಿಲ್ಲ. ಮೆರಿಟ್ ನಂಬಿದ ಮನೆಗೆ ಇದು ಸರಿಯಾದ ದಾರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅರ್ಲಿ ಆ್ಯಕ್ಷನ್‌ನಲ್ಲಿ ಈ ಕಟ್ಟು ಇಲ್ಲ, ಅದು ಒಳ್ಳೆಯದು.

ದುಡ್ಡು ತೆಗೆದುಕೊಂಡು ಸ್ಕಾಲರ್‌ಶಿಪ್ ಕೊಡಿಸುತ್ತೇವೆ ಅನ್ನುವವರನ್ನು ಹತ್ತಿರ ಸೇರಿಸಬೇಡಿ.

8. ನೆರವಿನ ಪತ್ರ ಬಂದಾಗ

ನನ್ನ ಮಗಳಿಗೆ ಒಂದು ಖಾಸಗಿ ಕಾಲೇಜಿನಿಂದ ಬಂದ ಪತ್ರವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತದ್ದು ನೆನಪಿದೆ. "ಅಭಿನಂದನೆಗಳು! ನಿಮಗೆ 49,500 ಡಾಲರ್ ನೆರವು" ಅಂತ ದಪ್ಪ ಅಕ್ಷರ. ವರ್ಷದ ಒಟ್ಟು ಖರ್ಚು 78,000. ಮನೆಯಲ್ಲಿ ಎಲ್ಲರ ಮುಖ ಅರಳಿತು. ಆಮೇಲೆ ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಓದಿದೆವು. ಮೆರಿಟ್ ಸ್ಕಾಲರ್‌ಶಿಪ್ 24,000. ವಿದ್ಯಾರ್ಥಿ ಸಾಲ 5,500. ಪೇರೆಂಟ್ ಪ್ಲಸ್ 17,500, ಅಂದರೆ ತಂದೆ ತಾಯಿಯ ಹೆಸರಿನಲ್ಲಿ ಸಾಲ. ವರ್ಕ್-ಸ್ಟಡಿ 2,500, ಅಂದರೆ ಕ್ಯಾಂಪಸ್‌ನಲ್ಲಿ ಕೆಲಸ ಮಾಡಿದರೆ ಸಿಗುವ ಕೂಲಿ. ನಿಜವಾಗಿ ಕೈಗೆ ಕೊಟ್ಟದ್ದು 24,000 ಮಾತ್ರ. ನೆಟ್ ಪ್ರೈಸ್ 54,000. ನಮ್ಮ ಮನೆಯ ಸಂಖ್ಯೆ 35,000 ಇತ್ತು. ಅವತ್ತು ರಾತ್ರಿಯೇ ಆ ಪತ್ರವನ್ನು ಪಕ್ಕಕ್ಕಿಟ್ಟೆವು. ಮಗಳೇ ಲೆಕ್ಕ ಹಾಕಿದ್ದರಿಂದ ಅಳು ಬಂದರೂ ಜಗಳ ಬರಲಿಲ್ಲ.

ಪ್ರತಿ ಪತ್ರಕ್ಕೂ ಹೀಗೇ ಮಾಡಿ. ಸಾಲವನ್ನೂ ವರ್ಕ್-ಸ್ಟಡಿಯನ್ನೂ ನೆರವಿನ ಪಟ್ಟಿಯಿಂದ ಹೊಡೆದುಹಾಕಿ, ಉಳಿದದ್ದನ್ನು ಒಟ್ಟು ಖರ್ಚಿನಿಂದ ಕಳೆಯಿರಿ. ಆಮೇಲೆ ಈ ಪ್ರಶ್ನೆಗಳನ್ನು ಕೇಳಿ:

ಇದು ನಾಲ್ಕೂ ವರ್ಷಕ್ಕೋ, ಮೊದಲ ವರ್ಷಕ್ಕೆ ಮಾತ್ರವೋ? ಉಳಿಸಿಕೊಳ್ಳಲು ಎಷ್ಟು ಜಿಪಿಎ ಬೇಕು? 3.0 ಆದರೆ ಸರಿ, 3.5 ಅಂದರೆ ಎಂಜಿನಿಯರಿಂಗ್ ಮಗುವಿಗೆ ಮೊದಲ ವರ್ಷವೇ ಭಾರವಾಗಬಹುದು. ಫೀಸ್ ಏರಿದರೆ ಸ್ಕಾಲರ್‌ಶಿಪ್ ಏರುತ್ತದೆಯೇ? ಹೆಚ್ಚಾಗಿ ಇಲ್ಲ. ಕೋರ್ಸ್ ಬದಲಿಸಿದರೆ ಹೋಗುತ್ತದೆಯೇ? ಹೊರಗಿನ ಸಂಸ್ಥೆಯಿಂದ ಬೇರೆ ಸ್ಕಾಲರ್‌ಶಿಪ್ ತಂದರೆ ಇದನ್ನು ಕಡಿತ ಮಾಡುತ್ತೀರಾ? ಇನ್ನೊಂದು ಸಣ್ಣ ವಿಷಯ: ಸ್ಕಾಲರ್‌ಶಿಪ್‌ನಲ್ಲಿ ಹಾಸ್ಟೆಲ್, ಊಟಕ್ಕೆ ಹೋಗುವ ಭಾಗಕ್ಕೆ ತೆರಿಗೆ ಲೆಕ್ಕ ಇರುತ್ತದೆ.

ಸಾಲ ಬೇಕೇ ಬೇಕಾದರೆ ಮಗುವಿನ ಹೆಸರಿನ ಕೇಂದ್ರ ಸರ್ಕಾರದ ಸಾಲ ಮೊದಲು. ಮೊದಲ ವರ್ಷ 5,500, ನಾಲ್ಕು ವರ್ಷಕ್ಕೆ ಒಟ್ಟು 27,000 ಡಾಲರ್ ಮೀರುವುದಿಲ್ಲ. ಆ ಮಿತಿಯೇ ಒಂದು ರಕ್ಷಣೆ. ಪೇರೆಂಟ್ ಪ್ಲಸ್‌ಗೂ 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಮಿತಿ ಬಂದಿದೆ: ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000.

9. ಇನ್ನೊಂದು ಸಲ ಕೇಳಿ

ಕೇಳುವುದಕ್ಕೆ ಸಂಕೋಚ ಬೇಡ. ಇಲ್ಲಿ ಅದು ಚೌಕಾಸಿ ಅಲ್ಲ, ಎಲ್ಲರೂ ಮಾಡುವ ಕೆಲಸ. ಕೆಲಸ ಹೋಗಿದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ, ಎರಡು ವರ್ಷ ಹಿಂದಿನ ಆದಾಯ ಈಗಿನದ್ದಕ್ಕೆ ಹೊಂದದಿದ್ದರೆ, ದಾಖಲೆ ಇಟ್ಟು ಫೈನಾನ್ಷಿಯಲ್ ಏಡ್ ಕಚೇರಿಗೆ ಬರೆಯಿರಿ. ಲೆಕ್ಕ ತಿದ್ದುವ ಅಧಿಕಾರ ಅವರಿಗಿದೆ. ಅದೇ ಮಟ್ಟದ ಇನ್ನೊಂದು ಕಾಲೇಜು ಜಾಸ್ತಿ ಕೊಟ್ಟಿದ್ದರೆ ಆ ಪತ್ರದ ಪ್ರತಿ ಜೊತೆಗಿಡಿ. ಪತ್ರ ಒಂದು ಪುಟ ಮೀರದಿರಲಿ, ಎಷ್ಟು ಹಣ ಸಿಕ್ಕರೆ ಬರಬಲ್ಲಿರಿ ಅನ್ನುವ ಸಂಖ್ಯೆ ಅದರಲ್ಲಿರಲಿ. ಮೆರಿಟ್‌ಗಾದರೆ ಅಡ್ಮಿಷನ್ ಕಚೇರಿಗೆ ಮಗುವೇ ಬರೆಯುವುದು ಒಳ್ಳೆಯದು, ಡಿಸೆಂಬರ್‌ನ ಹೊಸ ಗ್ರೇಡ್‌ಗಳನ್ನೂ ಸೇರಿಸಿ.

ಉತ್ತರ ಬರಲು ಎರಡು ಮೂರು ವಾರ ಹಿಡಿಯಬಹುದು, ಆದ್ದರಿಂದ ಏಪ್ರಿಲ್ ಮೊದಲ ವಾರವೇ ಕಳಿಸಿ. ಸೇರುತ್ತೇವೆ ಅಂತ ಡೆಪಾಸಿಟ್ ಕಟ್ಟಿ ತಿಳಿಸಲು ಹೆಚ್ಚಿನ ಕಾಲೇಜುಗಳಿಗೆ ಮೇ 1 ಕೊನೆಯ ದಿನ. ಡೆಪಾಸಿಟ್ ಕಟ್ಟುವ ಮುಂಚೆ ಕಾಲೇಜಿನ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಬೇರೆಯಾಗಿ ಒಪ್ಪಿಗೆ ಒತ್ತಬೇಕೇ ಅಂತ ನೋಡಿ, ಒತ್ತಿದ ಪುಟವನ್ನು ಪ್ರಿಂಟ್ ತೆಗೆದಿಡಿ. ಡೆಪಾಸಿಟ್ ಒಂದೇ ಕಾಲೇಜಿಗೆ ಕಟ್ಟಿ, ಉಳಿದ ಕಾಲೇಜುಗಳಿಗೆ ಬರುವುದಿಲ್ಲ ಅಂತ ಅದೇ ದಿನ ತಿಳಿಸಿಬಿಡಿ.